ಕೊಟ್ಟಿಗೆಯಲ್ಲೊಂದು ಪಂಪ್ ಸ್ವಿಚ್: ಸುರಕ್ಷಿತವಾಗಿ ಅಳವಡಿಸುವುದು ಹೇಗೆ?

ಹೈನುರಾಸುಗಳ ಆಹಾರದ ಮಾತು ಬಂದಾಗ ನಾವು ಹಸಿರು ಮೇವು, ಒಣ ಮೇವು, ಪಶು ಆಹಾರ, ಖನಿಜ ಮಿಶ್ರಣ ಎಂದು ಎಣಿಸುತ್ತೇವೆ. ಇವೆಲ್ಲಕ್ಕಿಂತ ಅಗ್ಗವಾದ, ಆದರೆ ಇವೆಲ್ಲಕ್ಕಿಂತ ಮೊದಲು ಬೇಕಾದ ಆಹಾರವೆಂದರೆ ನೀರು. ಹಾಲಿನ 100 ಭಾಗದಲ್ಲಿ ಸುಮಾರು 87 ಭಾಗ ನೀರೇ ಇರುತ್ತದೆ. ಹಾಲು ಬತ್ತಿದ ಹಸುವಿಗೂ ದಿನಕ್ಕೆ 30 ರಿಂದ 40 ಲೀಟರ್ ನೀರು ಬೇಕು. ಕರೆಯುವ ಹಸುವಾದರೆ ಪ್ರತಿ ಲೀಟರ್ ಹಾಲಿಗೆ ಇನ್ನೂ 3 ರಿಂದ 4 ಲೀಟರ್ ಹೆಚ್ಚಿಗೆ ಬೇಕಾಗುತ್ತದೆ. ಅಂದರೆ ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸು 60 ರಿಂದ 80 ಲೀಟರ್ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇದು ಇನ್ನೂ ಹೆಚ್ಚು.

ಇಂತಹ ಎರಡು ಹಸುಗಳಿದ್ದರೆ ಕುಡಿಯುವ ನೀರಿಗೇ 15 ಲೀಟರಿನ ಬಕೆಟ್ಟಿನಲ್ಲಿ ದಿನಕ್ಕೆ ಎಂಟರಿಂದ ಹನ್ನೊಂದು ಸಲ ಹೊರಬೇಕು. ಕೆಚ್ಚಲು ತೊಳೆಯುವುದು, ಮೈ ತೊಳೆಯುವುದು, ಕೊಟ್ಟಿಗೆ ತೊಳೆಯುವುದು, ಹಾಲಿನ ಪಾತ್ರೆ ತೊಳೆಯುವುದು ಬೇರೆ. ಈ ಕಷ್ಟಕ್ಕೆಂದೇ ಇಂದು ಬಹುಪಾಲು ಉತ್ಪಾದಕರ ಮನೆಗಳಲ್ಲಿ ಸಣ್ಣದೊಂದು ಪಂಪು ಇರುತ್ತದೆ. ಆದರೆ ಅದರ ಸ್ವಿಚ್ ಮನೆಯೊಳಗೆ ನಡುಮನೆಯ ಗೋಡೆಯಲ್ಲೋ, ದೂರದ ಪಂಪ್ ಮನೆಯಲ್ಲೋ ಇರುತ್ತದೆ. ಸಗಣಿ ಕೈಯಲ್ಲಿ ಹಾಲು ಕರೆಯಲು ಕುಳಿತ ಹೆಣ್ಣುಮಗಳು ಅಲ್ಲಿಂದಲೇ ಕೂಗಿ ಪಂಪು ಹಾಕಿಸಬೇಕು, ಮತ್ತೆ ಕೂಗಿ ನಿಲ್ಲಿಸಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ತೊಟ್ಟಿ ತುಂಬುವುದು ತಡವಾಗುತ್ತದೆ, ಇಲ್ಲವೇ ತುಂಬಿ ಹರಿದು ಕೊಟ್ಟಿಗೆಯೆಲ್ಲಾ ಕೆಸರಾಗುತ್ತದೆ. ಹಸು ಹೆಚ್ಚು ನೀರು ಬಯಸುವುದು ಹಾಲು ಕರೆದ ಕೂಡಲೇ ಮತ್ತು ಮೇವು ತಿಂದ ಮೇಲೆ. ಆ ಹೊತ್ತಿಗೆ ತೊಟ್ಟಿ ಬರಿದಾಗಿದ್ದರೆ ಅದರ ಲೆಕ್ಕ ಮರುದಿನ ಸಂಘದ ಅಳತೆ ಪಾತ್ರೆಯಲ್ಲಿ ಕಾಣುತ್ತದೆ.

ಕೊಟ್ಟಿಗೆಯ ಬಳಿಯೇ ಇನ್ನೊಂದು ಸ್ವಿಚ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಕೆಲಸ ದೊಡ್ಡದಲ್ಲ. ಆದರೆ ಕೊಟ್ಟಿಗೆ ಎಂದರೆ ಸದಾ ಒದ್ದೆ ನೆಲ, ಒದ್ದೆ ಕೈ, ಒದ್ದೆ ಗೊರಸು. ಅಲ್ಲಿಗೆ 230 ವೋಲ್ಟ್ ವಿದ್ಯುತ್ತನ್ನು ಹೇಗೆಂದರೆ ಹಾಗೆ ಎಳೆದರೆ ಹಸುವಿಗೂ ಅಪಾಯ, ಕರೆಯುವವರಿಗೂ ಅಪಾಯ. ಆದುದರಿಂದ ಈ ಸ್ವಿಚ್ಚನ್ನು ಹೇಗೆ ಹಾಕಿಸಬೇಕು, ಹೇಗೆ ಹಾಕಿಸಬಾರದು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ವೈರಿಂಗ್ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಆದರೆ ಏನು ಕೇಳಬೇಕು, ಏನು ನೋಡಬೇಕು ಎಂಬುದು ಮಾಡಿಸುವ ನಮಗೂ ತಿಳಿದಿರಬೇಕು.

ಸಾಮಾನ್ಯವಾಗಿ ಮಾಡುವ ತಪ್ಪುಗಳು

1. ಹಳೆಯ ಸ್ವಿಚ್ಚಿನಿಂದ ತಂತಿ ಎಳೆದು ಕೊಟ್ಟಿಗೆಯಲ್ಲಿ ಮಾಮೂಲಿ ಸ್ವಿಚ್ಚೊಂದನ್ನು ಒಂದರ ಮುಂದೆ ಒಂದರಂತೆ ಜೋಡಿಸುವುದು. ಹೀಗೆ ಮಾಡಿದರೆ ಎರಡೂ ಸ್ವಿಚ್ ಹಾಕಿದಾಗ ಮಾತ್ರ ಪಂಪು ಓಡುತ್ತದೆ. ಮನೆಯ ಸ್ವಿಚ್ ಆರಿಸಿದ್ದರೆ ಕೊಟ್ಟಿಗೆಯದು ಕೆಲಸಕ್ಕೆ ಬರುವುದಿಲ್ಲ.

2. ಎರಡು ಸ್ವಿಚ್ಚುಗಳನ್ನು ಅಕ್ಕಪಕ್ಕದ ದಾರಿಗಳಂತೆ ಸಮಾನಾಂತರವಾಗಿ ಜೋಡಿಸುವುದು. ಆಗ ಯಾವ ಕಡೆಯಿಂದ ಬೇಕಾದರೂ ಪಂಪು ಹಾಕಬಹುದು, ಆದರೆ ಹಾಕಿದ ಕಡೆಯಿಂದಲ್ಲದೆ ಇನ್ನೊಂದು ಕಡೆಯಿಂದ ನಿಲ್ಲಿಸಲಾಗುವುದಿಲ್ಲ.

3. ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಸ್ವಿಚ್ ಹಾಕುವುದು. ಪಂಪು ನಿಂತಂತೆ ಕಂಡರೂ ಅದರೊಳಗೆ ವಿದ್ಯುತ್ ಇದ್ದೇ ಇರುತ್ತದೆ. ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

4. ನ್ಯೂಟ್ರಲ್ ತಂತಿ ಉಳಿಸಲು ಭೂಸಂಪರ್ಕವನ್ನೇ, ಅಂದರೆ ಅರ್ಥಿಂಗನ್ನೇ ನ್ಯೂಟ್ರಲ್ ಆಗಿ ಬಳಸುವುದು. ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಪಂಪಿನ ಪೂರ್ತಿ ವಿದ್ಯುತ್ತು ಅರ್ಥಿಂಗ್ ಗುಂಡಿಯ ಮೂಲಕ ಮಣ್ಣಿಗೆ ಹರಿಯುತ್ತದೆ. ಗುಂಡಿಯ ಸುತ್ತಲಿನ ಒದ್ದೆ ನೆಲದಲ್ಲಿ ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ನಡುವೆ ವೋಲ್ಟೇಜ್ ಏರ್ಪಡುತ್ತದೆ. ಅಲ್ಲಿ ನಿಂತ ದನ ಯಾವ ತಂತಿಯನ್ನೂ ಮುಟ್ಟದೆಯೇ ಸಾಯಬಹುದು.

5. ತಗಡಿನ ಮಾಡಿಗೆ, ಕಬ್ಬಿಣದ ಕಂಬಕ್ಕೆ, ದನ ಕಟ್ಟುವ ಗೂಟಕ್ಕೆ ತಂತಿ ಸುತ್ತುವುದು. ತಂತಿಯ ತುದಿ ಸುಲಿದು ಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ತೂರಿಸುವುದು.

ಮೊದಲು ನಿಮ್ಮ ಪಂಪು ಯಾವುದೆಂದು ತಿಳಿಯಿರಿ

ಎರಡನೆಯ ಸ್ವಿಚ್ ಹಾಕುವ ವಿಧಾನ ಪಂಪಿನ ಜಾತಿಯನ್ನು ಅವಲಂಬಿಸಿದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಬಗೆ.

ಅ) ಸಂಪಿನಿಂದಲೋ ತೆರೆದ ಬಾವಿಯಿಂದಲೋ ನೀರೆತ್ತುವ, ಅರ್ಧ ಅಥವಾ ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋನೋಬ್ಲಾಕ್ ಪಂಪು. ಇದು ಸ್ವಿಚ್ ಹಾಕಿದರೆ ಓಡುತ್ತದೆ, ಆರಿಸಿದರೆ ನಿಲ್ಲುತ್ತದೆ.

ಆ) ಕೊಳವೆ ಬಾವಿಯ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪು. ಇದಕ್ಕೆ ಕೆಪಾಸಿಟರ್ ಇರುವ ಪ್ಯಾನೆಲ್ ಪೆಟ್ಟಿಗೆ ಇರುತ್ತದೆ. ಹಲವು ಪೆಟ್ಟಿಗೆಗಳಲ್ಲಿ ಹಸಿರು ಗುಂಡಿಯನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿದರೆ ಮಾತ್ರ ಸ್ಟಾರ್ಟಿಂಗ್ ಕೆಪಾಸಿಟರ್ ಸೇರಿಕೊಂಡು ಮೋಟಾರು ತಿರುಗಲು ಶುರುವಾಗುತ್ತದೆ.

ಇ) ಸ್ಟಾರ್ಟರ್ ಇರುವ ತ್ರೀ ಫೇಸ್ ಪಂಪು.

ಮೊದಲ ಬಗೆಗೆ ಮುಂದೆ ಹೇಳುವ ಎರಡೂ ವಿಧಾನಗಳು ಆಗುತ್ತವೆ. ಎರಡನೆಯ ಮತ್ತು ಮೂರನೆಯ ಬಗೆಗೆ ಮೊದಲನೆಯ ವಿಧಾನ ಸಲ್ಲದು. ಗುಂಡಿ ಒತ್ತಿ ಹಿಡಿಯಬೇಕಾದ ಪ್ಯಾನೆಲ್ಲಿಗೆ ದೂರದಿಂದ ಬರಿಯ ಕರೆಂಟು ಕೊಟ್ಟರೆ ಮೋಟಾರು ತಿರುಗದೆ ಗುಂಯ್‌ಗುಟ್ಟುತ್ತಾ ಕಾಯ್ದು, ವೈಂಡಿಂಗ್ ಸುಟ್ಟುಹೋಗುತ್ತದೆ.

ಮೊದಲನೆಯ ವಿಧಾನ: ಎರಡು ಟೂ-ವೇ ಸ್ವಿಚ್ಚುಗಳು

ಮಹಡಿ ಮನೆಗಳಲ್ಲಿ ಮೆಟ್ಟಿಲ ದೀಪವನ್ನು ಕೆಳಗಿನಿಂದ ಹಾಕಿ ಮೇಲಿನಿಂದ ಆರಿಸುವುದನ್ನು ನೀವು ನೋಡಿರಬಹುದು. ಅದೇ ಉಪಾಯ ಇಲ್ಲಿಯದು. ಟೂ-ವೇ ಸ್ವಿಚ್ಚಿನ ಹಿಂದೆ ಎರಡರ ಬದಲು ಮೂರು ತಿರುಪುಗಳಿರುತ್ತವೆ. ಒಂದು ಸಾಮಾನ್ಯ ತುದಿ, ಉಳಿದೆರಡು ಕವಲು ತುದಿಗಳು. ಸ್ವಿಚ್ಚನ್ನು ಒಂದು ಕಡೆಗೆ ಒತ್ತಿದರೆ ಸಾಮಾನ್ಯ ತುದಿಯು ಮೊದಲ ಕವಲಿಗೂ, ಇನ್ನೊಂದು ಕಡೆಗೆ ಒತ್ತಿದರೆ ಎರಡನೆಯ ಕವಲಿಗೂ ಸೇರುತ್ತದೆ.

ಜೋಡಣೆ ಹೀಗಿದೆ:

1. ಫೇಸ್ ತಂತಿಯು ಮನೆಯ ಸ್ವಿಚ್ಚಿನ ಸಾಮಾನ್ಯ ತುದಿಗೆ ಬರಬೇಕು.
2. ಆ ಸ್ವಿಚ್ಚಿನ ಎರಡು ಕವಲುಗಳಿಂದ ಎರಡು ತಂತಿಗಳು ಕೊಟ್ಟಿಗೆಯ ಸ್ವಿಚ್ಚಿನ ಎರಡು ಕವಲುಗಳಿಗೆ ಹೋಗಬೇಕು.
3. ಕೊಟ್ಟಿಗೆಯ ಸ್ವಿಚ್ಚಿನ ಸಾಮಾನ್ಯ ತುದಿಯಿಂದ ಒಂದು ತಂತಿ ಪಂಪಿಗೆ ಹೋಗಬೇಕು.
4. ನ್ಯೂಟ್ರಲ್ ತಂತಿ ಯಾವ ಸ್ವಿಚ್ಚಿಗೂ ಹೋಗದೆ ನೇರವಾಗಿ ಪಂಪಿಗೆ ಹೋಗಬೇಕು. ಪಂಪಿನ ಮೈಗೆ ಅರ್ಥಿಂಗ್ ತಂತಿ ಸೇರಬೇಕು.

ಈಗ ಯಾವ ಸ್ವಿಚ್ಚನ್ನು ಒತ್ತಿದರೂ ಓಡುವ ಪಂಪು ನಿಲ್ಲುತ್ತದೆ, ನಿಂತ ಪಂಪು ಓಡುತ್ತದೆ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ದೀಪಕ್ಕೆ ಹಾಕುವ 6 ಆಂಪಿಯರ್ ಸ್ವಿಚ್ ಪಂಪಿಗೆ ಸಾಲದು. ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ 6 ರಿಂದ 7 ಆಂಪಿಯರ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು ಎಳೆಯುತ್ತದೆ. ಆದುದರಿಂದ ಕನಿಷ್ಠ 16 ಆಂಪಿಯರಿನ ಟೂ-ವೇ ಸ್ವಿಚ್ಚನ್ನೇ ಕೇಳಿ ತರಬೇಕು. ಎರಡನೆಯದು, ಮೋಟಾರಿನ ಪೂರ್ತಿ ಕರೆಂಟು ಕೊಟ್ಟಿಗೆಗೆ ಹೋಗಿ ಹಿಂದಿರುಗುವುದರಿಂದ 2.5 ಚದರ ಮಿ.ಮೀ. ತಾಮ್ರದ ತಂತಿ ಇರಬೇಕು. ಕೊಟ್ಟಿಗೆ 30 ಮೀಟರಿಗಿಂತ ದೂರವಿದ್ದರೆ ಈ ವಿಧಾನ ಬೇಡ. ಮೂರನೆಯದು, ಟೂ-ವೇ ಸ್ವಿಚ್ಚನ್ನು ನೋಡಿ ಪಂಪು ಓಡುತ್ತಿದೆಯೋ ಇಲ್ಲವೋ ಹೇಳಲಾಗದು. ವಿದ್ಯುತ್ ಹೋದಾಗ ಪಂಪು ನಿಂತರೆ, ಸ್ವಿಚ್ ಯಾವ ಸ್ಥಿತಿಯಲ್ಲಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ವಿದ್ಯುತ್ ಬಂದ ಕೂಡಲೇ ಪಂಪು ತಾನಾಗಿಯೇ ಓಡತೊಡಗುತ್ತದೆ. ಪಂಪು ಬಿಚ್ಚಿ ರಿಪೇರಿ ಮಾಡುತ್ತಿರುವಾಗ ಇನ್ನೊಂದು ಕಡೆಯಿಂದ ಯಾರಾದರೂ ಸ್ವಿಚ್ ಒತ್ತಿದರೂ ಇದೇ ಗತಿ. ಆದ್ದರಿಂದ ಪಂಪಿನ ಬಳಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂ.ಸಿ.ಬಿ. ಇರಲೇಬೇಕು. ಪಂಪಿಗೆ ಕೈ ಹಾಕುವ ಮುನ್ನ ಅದನ್ನು ಆರಿಸಬೇಕು.

ಎರಡನೆಯ ವಿಧಾನ: ಕಾಂಟ್ಯಾಕ್ಟರ್ ಮತ್ತು ಒತ್ತುಗುಂಡಿಗಳು

ಕೊಟ್ಟಿಗೆಗೆ ಹೆಚ್ಚು ಒಪ್ಪುವುದು ಈ ವಿಧಾನ. ಇದರಲ್ಲಿ ಮೋಟಾರಿನ ಕರೆಂಟು ಕೊಟ್ಟಿಗೆಗೆ ಬರುವುದೇ ಇಲ್ಲ. ಪಂಪಿನ ಬಳಿ ಒಣಜಾಗದಲ್ಲಿ ಕಾಂಟ್ಯಾಕ್ಟರ್ ಇರುವ ಸ್ಟಾರ್ಟರ್ ಪೆಟ್ಟಿಗೆ ಇರುತ್ತದೆ. ಅದರೊಳಗಿನ ಕಾಯಿಲ್‌ಗೆ ವಿದ್ಯುತ್ ಸಿಕ್ಕಿದಾಗ ಅದು ಅಯಸ್ಕಾಂತವಾಗಿ ಸಂಪರ್ಕಗಳನ್ನು ಎಳೆದು ಮೋಟಾರಿಗೆ ವಿದ್ಯುತ್ ಕೊಡುತ್ತದೆ. ಹಸಿರು ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟರೆ ಸಾಕು, ಕಾಂಟ್ಯಾಕ್ಟರಿನದೇ ಒಂದು ಸಣ್ಣ ಸಂಪರ್ಕವು ಕಾಯಿಲ್‌ಗೆ ವಿದ್ಯುತ್ತನ್ನು ಮುಂದುವರಿಸುತ್ತದೆ. ಕೆಂಪು ಗುಂಡಿ ಒತ್ತಿದರೆ ಆ ದಾರಿ ಕಡಿದು ಪಂಪು ನಿಲ್ಲುತ್ತದೆ.

ಎರಡನೆಯ ಜಾಗಕ್ಕೆ ಗುಂಡಿ ಹಾಕುವಾಗ ನೆನಪಿಡಬೇಕಾದ ಸೂತ್ರ ಒಂದೇ: ಹಸಿರು ಗುಂಡಿಗಳನ್ನು ಸಮಾನಾಂತರವಾಗಿ, ಕೆಂಪು ಗುಂಡಿಗಳನ್ನು ಸಾಲಾಗಿ ಜೋಡಿಸಬೇಕು. ಆಗ ಯಾವ ಹಸಿರು ಒತ್ತಿದರೂ ಪಂಪು ಶುರುವಾಗುತ್ತದೆ, ಯಾವ ಕೆಂಪು ಒತ್ತಿದರೂ ನಿಲ್ಲುತ್ತದೆ. ಇದಕ್ಕೆ ಕೊಟ್ಟಿಗೆಯವರೆಗೆ ಮೂರು ತೆಳು ತಂತಿಗಳು ಸಾಕು. ಪೆಟ್ಟಿಗೆ ಲೋಹದ್ದಾದರೆ ಅರ್ಥಿಂಗ್ ತಂತಿಯೂ ಸೇರಿ ನಾಲ್ಕು.

ಇದರಿಂದ ಇನ್ನೂ ಕೆಲವು ಲಾಭಗಳಿವೆ. ವಿದ್ಯುತ್ ಹೋಗಿ ಬಂದರೆ ಪಂಪು ತಾನಾಗಿ ಓಡುವುದಿಲ್ಲ, ಯಾರಾದರೂ ಹಸಿರು ಗುಂಡಿ ಒತ್ತಲೇಬೇಕು. ಕೆಂಪು ಗುಂಡಿಗೆ ಹೋಗುವ ತಂತಿ ಎಲ್ಲಾದರೂ ತುಂಡಾದರೆ ಪಂಪು ನಿಂತುಬಿಡುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮೋಟಾರು ಸುಡುವುದನ್ನು ತಪ್ಪಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಲಾಭ ವೋಲ್ಟೇಜಿನದು. 24 ವೋಲ್ಟಿನಲ್ಲಿ ಕೆಲಸ ಮಾಡುವ ಕಾಯಿಲ್‌ಗಳು ದೊರೆಯುತ್ತವೆ. ಎರಡು ಬೇರೆ ಬೇರೆ ವೈಂಡಿಂಗ್ ಇರುವ ಸಣ್ಣ ಟ್ರಾನ್ಸ್‌ಫಾರ್ಮರೊಂದನ್ನು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರಿಸಿ 230 ವೋಲ್ಟನ್ನು 24 ವೋಲ್ಟಿಗೆ ಇಳಿಸಿದರೆ, ಕೊಟ್ಟಿಗೆಯ ಗುಂಡಿಗೆ ಬರುವುದು ಬರೀ 24 ವೋಲ್ಟ್. ಗುಂಡಿಯ ಪೆಟ್ಟಿಗೆಗೆ ನೀರು ಹೋದರೂ ಜೀವಕ್ಕೆ ಅಪಾಯ ಬಹಳ ಕಡಿಮೆ. ಸ್ವಲ್ಪ ಹೆಚ್ಚು ಖರ್ಚಾದರೂ ಇದನ್ನೇ ಮಾಡಿಸುವುದು ಒಳ್ಳೆಯದು. ಆಟೋ ಟ್ರಾನ್ಸ್‌ಫಾರ್ಮರ್ ಇದಕ್ಕೆ ಸಲ್ಲದು.

ತ್ರೀ ಫೇಸ್ ಪಂಪಿನವರು ವಿಶೇಷವಾಗಿ ಗಮನಿಸಬೇಕು. ಇಂತಹ ಸ್ಟಾರ್ಟರುಗಳಲ್ಲಿ ಅನೇಕವು ಎರಡು ಫೇಸುಗಳ ನಡುವೆ ಕೆಲಸ ಮಾಡುವ 415 ವೋಲ್ಟಿನ ಕಾಯಿಲ್ ಹೊಂದಿರುತ್ತವೆ. ಅದರ ಗುಂಡಿಯಿಂದ ಹಾಗೆಯೇ ತಂತಿ ಎಳೆದರೆ ಕೊಟ್ಟಿಗೆಗೆ 415 ವೋಲ್ಟ್ ತಂದಂತಾಗುತ್ತದೆ. ಮೊದಲು ಕಾಯಿಲ್ ಮೇಲೆ ಬರೆದ ವೋಲ್ಟೇಜ್ ಓದಿಸಿ, 24 ವೋಲ್ಟಿನದಕ್ಕೆ ಬದಲಾಯಿಸಿದ ಮೇಲೆಯೇ ತಂತಿ ಎಳೆಸಬೇಕು. ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಪಂಪಿನವರು ಗುಂಡಿ ಹಿಡಿಯದೆ ತಾನಾಗಿ ಸ್ಟಾರ್ಟ್ ಆಗುವ, ಕಾಂಟ್ಯಾಕ್ಟರ್ ಇರುವ ಪ್ಯಾನೆಲ್ ಹಾಕಿಸಿಕೊಂಡು ಆಮೇಲೆ ಕೊಟ್ಟಿಗೆಗೆ ಗುಂಡಿ ತರಬಹುದು.

ಹಸುವಿಗೆ ವಿದ್ಯುತ್ತು ಏಕೆ ಬೇಗ ತಾಗುತ್ತದೆ?

ನಮಗೆ ಚುರುಕ್ ಎನ್ನುವಷ್ಟು ಕರೆಂಟಿಗೆ ಹಸು ಬಿದ್ದು ಸತ್ತ ಸಂಗತಿ ಕೇಳಿದಾಗ ಅನೇಕರಿಗೆ ಆಶ್ಚರ್ಯವಾಗುತ್ತದೆ. ಕಾರಣ ಸರಳ. ಹಸುವಿಗೆ ಚಪ್ಪಲಿಯಿಲ್ಲ. ನಾಲ್ಕು ಕಾಲುಗಳೂ ಗಂಜಲದಿಂದ ಒದ್ದೆಯಾದ ನೆಲದ ಮೇಲಿರುತ್ತವೆ. ಮುಂಗಾಲಿಗೂ ಹಿಂಗಾಲಿಗೂ ನಡುವಿನ ಅಂತರ ಮನುಷ್ಯನ ಹೆಜ್ಜೆಗಿಂತ ಹೆಚ್ಚು, ಹೃದಯ ಆ ದಾರಿಯಲ್ಲೇ ಇದೆ. ಹಸುವಿನ ದೇಹದ ವಿದ್ಯುತ್ ಪ್ರತಿರೋಧವನ್ನು ಸುಮಾರು 500 ಓಮ್ ಎಂದು ಲೆಕ್ಕ ಹಿಡಿಯುತ್ತಾರೆ. ಮನುಷ್ಯನದು ಒದ್ದೆ ಕೈಯಲ್ಲೂ ಸುಮಾರು 1,000 ಓಮ್.

ಸಾಯದಿದ್ದರೂ ನಷ್ಟ ತಪ್ಪದು. ನೀರಿನ ಕೊಳಾಯಿ, ಕಬ್ಬಿಣದ ಗೋದಲಿ, ತೊಟ್ಟಿಗಳಿಗೆ ಎರಡು ನಾಲ್ಕು ವೋಲ್ಟ್ ಸೋರಿದರೂ ಹಸುವಿಗೆ ಗೊತ್ತಾಗುತ್ತದೆ. ನಮಗೆ ಗೊತ್ತಾಗುವುದಿಲ್ಲ. ಹಸು ತೊಟ್ಟಿಯ ಬಳಿ ಬಂದು ಮೂತಿ ತಾಗಿಸಿ ಹಿಂದೆ ಸರಿಯುವುದು, ನೀರನ್ನು ನಾಲಿಗೆಯಲ್ಲಿ ನೆಕ್ಕುವುದು, ಕೊಟ್ಟಿಗೆಗೆ ಬರಲು ಹಟ ಮಾಡುವುದು, ಕರೆಯುವಾಗ ಕಾಲೆತ್ತುವುದು, ಸರಿಯಾಗಿ ಸೊರ ಬಿಡದಿರುವುದು ಇದರ ಚಿಹ್ನೆಗಳಾಗಿರಬಹುದು. ಇವಕ್ಕೆ ಬೇರೆ ಕಾಯಿಲೆಯೂ ಕಾರಣವಿರಬಹುದಾದ್ದರಿಂದ ಪಶುವೈದ್ಯರಿಗೆ ತೋರಿಸಿ. ಜೊತೆಗೆ ಪಂಪು ಓಡುವಾಗ ತೊಟ್ಟಿಗೂ ನೆಲಕ್ಕೂ ನಡುವಿನ ವೋಲ್ಟೇಜನ್ನು ಮೀಟರಿನಿಂದ ಅಳೆಸಿ. ಟೆಸ್ಟರ್ ದೀಪ ಉರಿಯಲಿಲ್ಲ ಎಂದು ಸುಮ್ಮನಾಗಬೇಡಿ. ಇಷ್ಟು ಕಡಿಮೆ ವೋಲ್ಟಿಗೆ ಅದು ಉರಿಯುವುದಿಲ್ಲ.

ತಪ್ಪದೆ ಇರಬೇಕಾದ ರಕ್ಷಣೆಗಳು

ಆರ್.ಸಿ.ಸಿ.ಬಿ.: ಮನೆಯಲ್ಲಿ ಎಂ.ಸಿ.ಬಿ. ಇದೆಯಲ್ಲಾ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಜೀವವನ್ನಲ್ಲ. 10 ಆಂಪಿಯರ್ ಎಂದರೆ 10,000 ಮಿಲಿ ಆಂಪಿಯರ್. ಹೃದಯದ ಮೂಲಕ ಹರಿದರೆ 100 ಮಿಲಿ ಆಂಪಿಯರಿಗಿಂತ ಕಡಿಮೆಯೂ ಮಾರಕವಾಗಬಲ್ಲದು. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ವ್ಯತ್ಯಾಸ ಕಂಡ ಕೂಡಲೇ ಕಡಿಯುವ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಪಂಪಿನ ಲೈನಿಗೆ ಇರಲೇಬೇಕು. ಪಂಪಿನ ಫೇಸ್, ನ್ಯೂಟ್ರಲ್ ಎರಡೂ ಅದೇ ಆರ್.ಸಿ.ಸಿ.ಬಿ. ಮೂಲಕ ಹೋಗಬೇಕು. ನ್ಯೂಟ್ರಲ್ಲನ್ನು ಬೇರೆ ಲೈನಿನಿಂದ ತಂದರೆ ಅದು ಮತ್ತೆ ಮತ್ತೆ ಬೀಳುತ್ತದೆ. ಬೀಳುತ್ತದೆಂದು ಅದನ್ನು ತೆಗೆಸಿ ನೇರ ಜೋಡಿಸುವುದು ಕಾವಲು ನಾಯಿ ಬೊಗಳುತ್ತದೆಂದು ಓಡಿಸಿದಂತೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ.

ಅರ್ಥಿಂಗ್: 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ಇದ್ದಿಲು ಮತ್ತು ಉಪ್ಪಿನೊಡನೆ ಹೂಳಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ದನ ಕಟ್ಟುವ ಜಾಗ, ನೀರಿನ ತೊಟ್ಟಿ, ದನ ಓಡಾಡುವ ದಾರಿಗಳಿಂದ ಗುಂಡಿ ದೂರವಿರಲಿ. ನೀರಿನ ಪೈಪಿಗೆ ಅರ್ಥಿಂಗ್ ತಂತಿ ಕಟ್ಟಿ ಕೈತೊಳೆದುಕೊಳ್ಳಬೇಡಿ.

ಸ್ವಿಚ್ಚಿನ ಜಾಗ: ಕೊಟ್ಟಿಗೆಯ ಬಾಗಿಲ ಬಳಿ, ಮಾಡಿನ ಕೆಳಗೆ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದ ಗೋಡೆಯಲ್ಲಿರಲಿ. ಕೊಂಬು, ನಾಲಿಗೆ, ಬಾಲ ಮತ್ತು ತೊಳೆಯುವ ನೀರು ತಾಗಬಾರದು. ಮುಚ್ಚಳವಿರುವ ನೀರು ನಿರೋಧಕ ಪ್ಲಾಸ್ಟಿಕ್ ಪೆಟ್ಟಿಗೆ ಬಳಸಿ. ತಂತಿ ಪೆಟ್ಟಿಗೆಯ ಕೆಳಗಿನಿಂದ ಒಳಹೋದರೆ ಮಳೆನೀರು ತಂತಿಯ ಜೊತೆ ಒಳಗಿಳಿಯುವುದಿಲ್ಲ. ಇಲಿ ಕಡಿಯದಂತೆ ಪಿ.ವಿ.ಸಿ. ಪೈಪಿನೊಳಗೆ, ನಡುವೆ ಎಲ್ಲೂ ಜಾಯಿಂಟ್ ಇಲ್ಲದಂತೆ ತಂತಿ ಬರಲಿ.

ಕೆಲಸ ಮುಗಿದ ಮೇಲೆ ನೀವೇ ನೋಡಬೇಕಾದ್ದು

1. ಮನೆಯಲ್ಲಿ ಹಾಕಿ ಕೊಟ್ಟಿಗೆಯಲ್ಲಿ ನಿಲ್ಲಿಸಿ. ಕೊಟ್ಟಿಗೆಯಲ್ಲಿ ಹಾಕಿ ಮನೆಯಲ್ಲಿ ನಿಲ್ಲಿಸಿ.
2. ಪಂಪು ಓಡುವಾಗ ಆರ್.ಸಿ.ಸಿ.ಬಿ. ಟೆಸ್ಟ್ ಗುಂಡಿ ಒತ್ತಿ. ಪಂಪು ತಕ್ಷಣ ನಿಲ್ಲಬೇಕು.
3. ಒತ್ತುಗುಂಡಿಯ ವಿಧಾನವಾದರೆ ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕಿ. ಪಂಪು ತಾನಾಗಿ ಓಡಬಾರದು.
4. ಪಂಪು ಓಡುವಾಗ ತೊಟ್ಟಿ, ಕೊಳಾಯಿ, ಗೋದಲಿಗಳಿಗೂ ನೆಲಕ್ಕೂ ನಡುವೆ ಮೀಟರಿನಲ್ಲಿ ಅಳೆಸಿ. ಈ ಪರೀಕ್ಷೆ ಮುಗಿದ ಮೇಲೆಯೇ ದನಗಳನ್ನು ಒಳಗೆ ಕಟ್ಟಿ.

ಪ್ರತಿ ವರ್ಷ ಮುಂಗಾರಿಗೆ ಮೊದಲು ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.

ದನಕ್ಕೋ ಮನುಷ್ಯರಿಗೋ ಶಾಕ್ ಹೊಡೆದರೆ ಓಡಿಹೋಗಿ ಹಿಡಿಯಬೇಡಿ. ಹಿಡಿದವರೂ ಸಿಕ್ಕಿಕೊಳ್ಳುತ್ತಾರೆ. ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ ಮನುಷ್ಯರಾದರೆ 108ಕ್ಕೆ, ರಾಸುವಾದರೆ ಪಶುವೈದ್ಯರಿಗೆ ತಿಳಿಸಿ. ಹೊರಗಿನ ಕಂಬದ ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ.

ಕಡೆಯದಾಗಿ ಒಂದು ಮಾತು. ಸ್ಥಳಾನುಕೂಲವಿದ್ದವರು ಕೊಟ್ಟಿಗೆಯ ಪಕ್ಕ ಎತ್ತರದಲ್ಲಿ 500 ಲೀಟರಿನ ಟ್ಯಾಂಕ್ ಇರಿಸಿ, ಅಲ್ಲಿಂದ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತಂದು ಕುಡಿಯುವ ತೊಟ್ಟಿಗೆ ತೇಲುವ ಚೆಂಡಿನ ವಾಲ್ವ್ ಹಾಕಿದರೆ ಹಸುವಿಗೆ ಹಗಲು ರಾತ್ರಿ ನೀರು ಸಿಗುತ್ತದೆ. ವಿದ್ಯುತ್ ಇಲ್ಲದ ಹೊತ್ತಿನಲ್ಲೂ ತೊಟ್ಟಿ ಬರಿದಾಗುವುದಿಲ್ಲ. ಟ್ಯಾಂಕ್ ತುಂಬಿಸಲು ದಿನಕ್ಕೆ ಒಮ್ಮೆ ಗುಂಡಿ ಒತ್ತಿದರಾಯಿತು. ಕೊಟ್ಟಿಗೆಯ ಸ್ವಿಚ್ಚಿಗೂ ಈ ಟ್ಯಾಂಕಿಗೂ ವಿರೋಧವಿಲ್ಲ, ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಒಂದು ಹಸುವನ್ನು ಕೊಳ್ಳಲು ಸಾಲ ಮಾಡುವ ನಾವು, ಅದನ್ನು ಕಾಪಾಡುವ ಮೂರು ಮೊಳ ತಂತಿ ಮತ್ತು ಒಂದು ಆರ್.ಸಿ.ಸಿ.ಬಿ.ಯಲ್ಲಿ ಉಳಿತಾಯ ಮಾಡಬಾರದು. ಉತ್ಪಾದಕ ಬಾಂಧವರು ಮತ್ತು ಮುಖ್ಯವಾಗಿ ಕೊಟ್ಟಿಗೆಯ ಕೆಲಸ ನಿರ್ವಹಿಸುವ ಮಹಿಳಾ ಸದಸ್ಯರು ತಮ್ಮ ಪಂಪಿನ ವೈರಿಂಗನ್ನು ಈ ವಾರವೇ ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಕೋರಿಕೆ.